ವಿದ್ಯಾವತಿ ಬಿಚ್ಚಿದ ಬೇಲಿ

ಹ್ಯೂಸ್ಟನ್ನಿನಿಂದ ಆಸ್ಟಿನ್ನಿಗೆ ಹೋಗುವ ಹೆದ್ದಾರಿ ಬಿಟ್ಟು ಒಳಗೆ ಹೊಕ್ಕರೆ ಒಂದು ಕೌಂಟಿ ಸಿಗುತ್ತದೆ. ನಮ್ಮ ಒಂದು ತಾಲೂಕು ಅಂತ ತಿಳಿದುಕೊಳ್ಳಿ. ಅಲ್ಲಿನ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಮುಚ್ಚಿದ ಮೇಲೆ ಊರಿನ ಅರ್ಧ ಅಂಗಡಿಗಳೂ ಬಾಗಿಲು ಹಾಕಿದವು. ಉಳಿದದ್ದು ಕೆಂಪು ಜೋಳ ಒಂದೇ. ಅದೂ ದನದ ಮೇವಿಗೆ, ಒಬ್ಬನೇ ವ್ಯಾಪಾರಿ ಹೇಳಿದ ದರಕ್ಕೆ. ಅಂಥಲ್ಲಿ ಹೊಲ ಕೊಂಡು ಬಿಳಿಜೋಳ ಬಿತ್ತಿದವಳು ಬಾಗಲಕೋಟೆಯ ವಿದ್ಯಾವತಿ.

ತಿನ್ನುವ ಜೋಳ ಬೆಳೆದು, ಜಿನ್ನಿನ ಶೆಡ್ಡಿನಲ್ಲೇ ಗಿರಣಿ ಹಾಕಿ, ಡಲ್ಲಾಸ್ ತನಕ ರೊಟ್ಟಿ ಕಳಿಸಿದರೆ ಊರಿನ ನಾಲ್ಕು ಮನೆಗೆ ಕೆಲಸವಾದೀತು ಎಂಬುದು ಅವಳ ಲೆಕ್ಕ. ಜೋಳ ದನದ ಮೇವು ಎಂದು ಊರವರು ನಕ್ಕರು. ನಮ್ಮವರೇನು ಕಡಿಮೆಯೇ? ಹ್ಯೂಸ್ಟನ್ನಿನ ಸುಮಿತ್ರವ್ವ ಫೋನ್ ಮಾಡಿ, “ಅಲ್ಲವಾ, ಅಮೆರಿಕಾಕ್ಕ ಬಂದು ಜ್ವಾಳ ಕಾಯಾಕ ಕುಂತಿಯೇನ? ಹಕ್ಕಿ ಹೊಡ್ಯಾಕ ಕವಣಿ ಕಳಸ್ಲೇನು?” ಅಂದಳು.

ವಿದ್ಯಾವತಿ ನಂಬಿದ್ದು ಮುಯ್ಯಾಳನ್ನು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಚಳಿಗಾಲದಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ಪಕ್ಕದ ಹೊಲದಲ್ಲಿ ದನ ಸಾಕಿದ್ದ ರ‍್ಯಾಂಡಿಯ ಬೇಲಿ ಸುಟ್ಟಾಗ ಕರೆಯದೆಯೇ ಹೋದಳು. ಅಂಗೈ ಹರಿಯುವ ತನಕ ಮುಳ್ಳುತಂತಿ ಎಳೆದು ಕಟ್ಟಿದಳು. ಕೂಲಿ ಕೇಳಲಿಲ್ಲ, ಬಾಯಿಬಿಟ್ಟು ಏನೂ ಹೇಳಲಿಲ್ಲ. ಮುಯ್ಯಾಳಿಗೆ ಅದೇ ಮರ್ಯಾದೆ. ರ‍್ಯಾಂಡಿಗೋ ಸಂಶಯ. ಪುಕ್ಕಟೆ ದುಡಿಯುವವಳ ಹಿಂದೆ ಜಮೀನು ನುಂಗುವ ಕಂಪನಿ ಇದೆ ಎಂದು ಮೇವಿನ ಅಂಗಡಿಯಲ್ಲಿ ಸಾರಿದ.

ಜುಲೈನಲ್ಲಿ ತೆನೆ ಒಣಗಿ ನಿಂತಾಗಲೇ ಸಮುದ್ರದ ಕಡೆಯಿಂದ ಚಂಡಮಾರುತದ ಸುದ್ದಿ ಬಂತು. ನೆನೆದರೆ ಜೋಳ ಕಪ್ಪಾಗುತ್ತದೆ, ಕಪ್ಪಾದರೆ ಅದೂ ದನಕ್ಕೇ. ಗಿರಣಿಯ ಆಸೆ ಅಲ್ಲಿಗೆ ಮುಗಿದಂತೆ. ಕಟಾವು ಯಂತ್ರವಿದ್ದದ್ದು ರ‍್ಯಾಂಡಿಯ ಹತ್ತಿರ. ಬಂದಾನು ಎಂದು ದಾರಿ ನೋಡಿದಳು. ಬರಲಿಲ್ಲ. ತಾನೇ ಹೋಗಿ ಬಾಗಿಲು ತಟ್ಟಿದಳು.

“ನಿನ್ನ ಬೇಲಿಗೆ ನಾನು ಬಂದಿದ್ದೆ.”

“ನಾನು ಕರೆದೆನಾ?”

“ಕೆಲಸಕ್ಕೆ ಕೆಲಸ. ನಮ್ಮಲ್ಲಿ ಹಾಗೇ.”

“ಆವತ್ತೇ ಹೇಳಿದ್ದರೆ ಬೇಡ ಅಂತಿದ್ದೆ,” ಎಂದು ಬಾಗಿಲು ಹಾಕಿಕೊಂಡ.

ವಿದ್ಯಾವತಿ ಮನೆಗೆ ಹೋಗಲಿಲ್ಲ. ಇಕ್ಕಳ ಹಿಡಿದು ಸೀದಾ ಬೇಲಿಗೆ ನಡೆದಳು. ಕಂಬದಿಂದ ಕಂಬಕ್ಕೆ ತಂತಿ ಸಡಿಲಿಸುತ್ತ ಹೊರಟಳು. ಆಚೆಗೆ ಅವನ ದನಗಳು ಒಂದೊಂದಾಗಿ ಬಂದು ನಿಂತವು. ಹ್ಯೂಸ್ಟನ್ನಿನ ತೈಲ ಕಂಪನಿಯ ಆಫೀಸಿನಿಂದ ಆಗಷ್ಟೇ ಬಂದಿದ್ದ ಗಂಡ ಶಶಿಕಾಂತ್ ಬೂಟು ಹಾಕಿಕೊಂಡೇ ಹೊಲದೊಳಗೆ ಓಡಿದ.

“ಏನ್ ಹಚ್ಚೀದಿ ಇದು? ಇಲ್ಲಿ ಮಂದಿ ಕಡೆ ಬಂದೂಕ ಇರ್ತಾವ.”

“ಇರಲಿ. ತಂತಿ ಅವಂದು, ನಾ ಒಯ್ಯಂಗಿಲ್ಲ. ಕಟ್ಟಿದ್ದು ನಂದು, ಅದನ್ನ ಬಿಚ್ಚತೀನಿ.”

ರ‍್ಯಾಂಡಿ ಉರಿಯುತ್ತ ಬಂದ. “ಶೆರಿಫ್‌ನ ಕರೀತೀನಿ.”

“ಕರಿ. ಅವನು ಬರೋದರೊಳಗೆ ನಿನ್ನ ದನ ನನ್ನ ಜೋಳದಲ್ಲಿರುತ್ತವೆ. ದನದ ಮೇವು ಅಂತ ನೀವೇ ನಕ್ಕಿದ್ದಿರಲ್ಲ. ಕೊಯ್ದು ಕೊಡು, ಮತ್ತೆ ಕಟ್ಟುತ್ತೇನೆ.”

ಹಸಿದ ದನ ಬಲಿತ ಕಾಳಿಗೆ ನುಗ್ಗಿದರೆ ಹೊಟ್ಟೆ ಉಬ್ಬಿ ಸಾಯುತ್ತದೆ. ರ‍್ಯಾಂಡಿಗೆ ಅದು ಗೊತ್ತು, ಅವಳಿಗೂ ಗೊತ್ತು. ಅವನು ಕೆಟ್ಟದಾಗಿ ಬೈದು ಯಂತ್ರ ತರಲು ಹೋದ. ಅವನು ಕೊಯ್ಯುತ್ತ ನಡೆದ, ಅವಳು ತಂತಿ ಮತ್ತೆ ಕಟ್ಟುತ್ತ ನಡೆದಳು. ಮೊದಲ ಹನಿ ಬೀಳುವ ಮುಂಚೆ ಜೋಳ ಶೆಡ್ಡು ಸೇರಿತು.

“ಇಲ್ಲಿಗೆ ಸಮ. ನನ್ನ ಕಡೆ ಕಾಲಿಡಬೇಡ,” ಅಂದ ರ‍್ಯಾಂಡಿ.

ಗಿರಣಿ ತಿರುಗಿತು. ಊರಿನ ಇಬ್ಬರು ಹೆಂಗಸರು ರೊಟ್ಟಿ ತಟ್ಟಲು ಕಲಿತರು. ಸುಮಿತ್ರವ್ವನೂ, ರೊಟ್ಟಿ ದಪ್ಪ ಆಗ್ಯಾವ ಎಂದು ಹಂಗಿಸುತ್ತಲೇ, ತರಿಸಿಕೊಂಡಳು.

ಬಿತ್ತುವ ಕಾಲಕ್ಕೆ ಗೇಟಿನಲ್ಲಿ ಹಾರ್ನ್ ಕೇಳಿತು. ರ‍್ಯಾಂಡಿ ಟ್ರಕ್ಕಿನಿಂದ ಇಳಿಯಲಿಲ್ಲ.

“ಆ ಬಿಳಿ ಬೀಜ ಬೇಕು. ಪುಕ್ಕಟೆ ಕೊಡಬೇಡ. ಏನು ಬೇಕು, ಈಗಲೇ ಹೇಳು.”

“ಕಟಾವಿಗೆ ನಿನ್ನ ಯಂತ್ರ. ಮೊದಲು ನನ್ನ ಹೊಲ, ಆಮೇಲೆ ನಿನ್ನದು.”

ಅವನು ಹಲ್ಲು ಕಡಿದು ತಲೆಯಾಡಿಸಿದ. ವಿದ್ಯಾವತಿ ಶೆಡ್ಡಿನ ಬಾಗಿಲು ತೆರೆದು ಚೀಲಗಳನ್ನು ತೋರಿಸಿದಳು.

“ಹೊತ್ತುಕೋ,” ಅಂದಳು. ಕೈ ಮಾತ್ರ ಹಚ್ಚಲಿಲ್ಲ.