ಕೆರಿಯಮ್ಮನ ಮಿಡಿಯ ಕುಲಗೋತ್ರ

ನಿಟ್ಟೂರಿನ ಹೂವಪ್ಪನಿಗೆ ಮನುಷ್ಯರ ನೆಂಟಸ್ತಿಕೆ ನೆನಪಿರುವುದಿಲ್ಲ. ಮದುವೆಮನೆಯೊಂದರಲ್ಲಿ ಸ್ವಂತ ಷಡ್ಡಕನನ್ನೇ ಯಾವೂರಾಯ್ತು ಎಂದು ಕೇಳಿದ ಮಹಾನುಭಾವ. ಆದರೆ ಮಾವಿನ ಮರಗಳ ನೆಂಟಸ್ತಿಕೆ ಅವನ ನಾಲಿಗೆ ತುದಿಯಲ್ಲೇ ಇರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಉಪ್ಪಿನಕಾಯಿ ಮಿಡಿಯ ಗಿಡಗಳಿಗೆ ಕಸಿ ಕಟ್ಟುವುದು ಅವನ ಕಸುಬು. ಹಳೇ ಸ್ಕೂಟರಿನ ಚೀಲದಲ್ಲಿ ಚಾಕು, ಪ್ಲಾಸ್ಟಿಕ್ ಪಟ್ಟಿ, ಕಸಿಗೆಂದು ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಾವಿನ ಕಡ್ಡಿಗಳು. ಬಾಯಲ್ಲಿ ಎಲೆಯಡಿಕೆ ಮತ್ತು ಬಡಾಯಿ.

ಬಡಾಯಿಯಲ್ಲಿ ಮುಕ್ಕಾಲು ಪಾಲು ಮನೆ ಹಿಂದಿನ ಒಂದು ಮರದ್ದು. ತೀರಿಹೋದ ಅವನ ತಾಯಿ ಕೆರಿಯಮ್ಮ, ಊರ ಹಳ್ಳದ ಬದಿಯ ಕಾಡುಮಾವಿನ ಗೊರಟು ತಂದು ಹುಟ್ಟಿಸಿದ ಮರ ಅದು. ತೊಟ್ಟು ಮುರಿದರೆ ಜೀರಿಗೆಯ ಪರಿಮಳ. ಊರ ಗಿಡಗಳಿಗೆಲ್ಲ ಕಸಿ ಕಟ್ಟಿದ ತಾನು ಅಮ್ಮನ ಮರಕ್ಕೆ ಮಾತ್ರ ಕಸಿಯ ಕೆಲಸ ಮಾಡಿಲ್ಲ, ಅದು ಬೇರಿನಿಂದ ತುದಿಯವರೆಗೆ ಒಂದೇ ರಕ್ತ ಎಂದು ಹೇಳಿ ಹೇಳಿ ಕೇಳಿದವರ ಕಿವಿ ತೂತಾಗಿತ್ತು. ಅದರ ಕಡ್ಡಿಯನ್ನು ‘ಕೆರಿಯಮ್ಮನ ಮಿಡಿ’ ಎಂಬ ಹೆಸರಲ್ಲೇ ಮೂರು ತಾಲ್ಲೂಕಿಗೂ ಹಂಚಿದ್ದ. ಬಡಾಯಿಯ ಉಳಿದ ಕಾಲು ಪಾಲು ಹೆಂಡತಿ ಬೆಳ್ಳಮ್ಮನ ತವರು ಮೇಗರವಳ್ಳಿಯನ್ನು ಆಡಿಕೊಳ್ಳಲು ಮೀಸಲು. ಅಲ್ಲಿಯ ಮಿಡಿ ಆಗುಂಬೆಯ ಮಳೆ ಕುಡಿದು ಉಬ್ಬಿದ್ದು, ಭರಣಿಗೆ ಹಾಕಿದರೆ ಮೆತ್ತಗಾಗುತ್ತದೆ ಎಂಬುದು ಮದುವೆಯಾದಾಗಿನಿಂದ ಅವನು ನಿಲ್ಲಿಸದ ಹಾಡು. ಬೆಳ್ಳಮ್ಮ ಕೇಳಿಯೂ ಕೇಳದವಳಂತೆ ಅನ್ನ ಬಸಿಯುತ್ತಿದ್ದಳು.

ಸಾಗರದ ಕಾಲೇಜಿನಲ್ಲಿ ಗಣಿತ ಪಾಠ ಹೇಳುವ ಅಮಿತಾ ಅವನನ್ನು ಹುಡುಕಿಕೊಂಡು ಬಂದದ್ದು ಈ ಮರಗಳ ವಂಶವೃಕ್ಷಕ್ಕಾಗಿ. ಎಲೆ, ತೊಗಟೆ ಎಂದು ಮಾಡುವ ಬೇರೆ ಬೇರೆ ಪರೀಕ್ಷೆಗಳು ಬೇರೆ ಬೇರೆ ವಂಶವೃಕ್ಷ ಹೇಳುತ್ತವೆ. ಯಾವುದನ್ನೂ ಮುರಿಯದೆ ಎಲ್ಲವನ್ನೂ ಒಂದೇ ದೊಡ್ಡ ವೃಕ್ಷದಲ್ಲಿ ಕೂರಿಸಬಹುದೇ ಎಂದು ಲೆಕ್ಕ ಹಾಕುವುದೇ ಆಕೆಯ ಸಂಶೋಧನೆ. ಹೂವಪ್ಪ ಮಹಾ ಉತ್ಸಾಹದಿಂದ ಊರೂರು ತಿರುಗಿ ಎಲೆ ತಂದುಕೊಟ್ಟ. ಎರಡನೇ ಸಲ ತೊಗಟೆ ಬೇಕೆಂದಾಗ ತನ್ನ ಮರದ ತೊಗಟೆಯನ್ನು ತೀರಾ ಬುಡದಿಂದ ಕೆತ್ತಿದ. ಕಾಂಡಕ್ಕೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿಗೆ ಚಾಕು ತಾಗಿದರೆ ಬೆಳ್ಳಮ್ಮ ಸುಮ್ಮನೆ ಬಿಡುವವಳಲ್ಲ. ಅಷ್ಟಕ್ಕೂ ಒಂದೇ ರಕ್ತವಲ್ಲವೇ, ಎಲ್ಲಿ ಕೆತ್ತಿದರೇನು?

ಮುಂದಿನ ಸಲ ಬಂದಾಗ ಅಮಿತಾಳ ಮುಖ ಸಪ್ಪಗಿತ್ತು. ಜಗಲಿಯ ಮೇಲೆ ಅಡಿಕೆ ಹೋಳುಗಳನ್ನಿಟ್ಟು ವಿವರಿಸಿದಳು. ಎಲೆಯ ಪ್ರಕಾರ ಕೆರಿಯಮ್ಮನ ಮರ ಮತ್ತು ಮೇಗರವಳ್ಳಿಯ ಮರ ಒಂದೇ ಕೊಂಬೆಯ ಅಕ್ಕತಂಗಿಯರು, ನಿಟ್ಟೂರಿನ ಹಳ್ಳದ ಮರ ದೂರದ್ದು. ತೊಗಟೆಯ ಪ್ರಕಾರ ಕೆರಿಯಮ್ಮನಿಗೆ ಹತ್ತಿರದ್ದು ಹಳ್ಳದ ಮರ, ಮೇಗರವಳ್ಳಿಯದೇ ದೂರ. ಮೂವರಲ್ಲಿ ಯಾರಿಬ್ಬರು ಹತ್ತಿರ ಎಂಬುದಕ್ಕೆ ಒಂದು ವೃಕ್ಷದಲ್ಲಿ ಒಂದೇ ಉತ್ತರ ಇರಲು ಸಾಧ್ಯ. ಇವು ಎರಡು ಉತ್ತರ ಹೇಳುತ್ತಿವೆ.

ಮೇಗರವಳ್ಳಿ ಎಂದದ್ದಕ್ಕೇ ಹೂವಪ್ಪನ ಮೀಸೆ ಅದುರಿತು. ಆಮೇಲಿನ ಮಾತು ಇನ್ನೂ ಕೆಟ್ಟದಿತ್ತು.

“ಬೇರೆ ಊರಿನ ಮರ ಎಲ್ಲ ಸರಿಯಾಗಿ ಹೊಂದ್ತಾವೆ ಹೂವಪ್ಪಣ್ಣ. ಕೆರಿಯಮ್ಮನ್ನ ಒಂದು ತೆಗೆದ್ರೆ ಜಗಳವೇ ಇಲ್ಲ,” ಎಂದಳು ಅಮಿತಾ. “ಹಾಗಾಗಿ ಅದನ್ನ ಬಿಟ್ಟುಬಿಡೋಣ ಅಂತ.”

ಹೂವಪ್ಪನ ಅಮ್ಮನ ಹೆಸರು ಉಳಿದಿರುವುದೇ ಆ ಮರದಲ್ಲಿ. ಮೂರು ತಾಲ್ಲೂಕಿನ ಮರಗಳೆಲ್ಲ ಪಂಕ್ತಿಯಲ್ಲಿ ಕೂತಿರುವಾಗ ಅವಳೊಬ್ಬಳನ್ನು ಎಬ್ಬಿಸಿ ಕಳಿಸಿದ ಹಾಗಾಯಿತು. ಅವನ ಕಣ್ಣು ತುಂಬಿದ್ದನ್ನು ಬೆಳ್ಳಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ಹಿತ್ತಲಿಗೆ ಹೋದವಳು, ಯಾರನ್ನೂ ಮುಟ್ಟಗೊಡದ ಮೆಣಸಿನ ಬಳ್ಳಿಯನ್ನು ತಾನೇ ಸರಿಸಿ ಇಬ್ಬರನ್ನೂ ಕರೆದಳು. ಮೊಣಕಾಲೆತ್ತರದಲ್ಲಿ ಕಾಂಡ ಗಂಟು ಕಟ್ಟಿತ್ತು. ಗಂಟಿನ ಕೆಳಗೆ ಒಂದು ಬಗೆಯ ತೊಗಟೆ, ಮೇಲೆ ಇನ್ನೊಂದು. ಅದು ಕಸಿಯ ಗಂಟೆಂದು ಹೂವಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಅತ್ತೆ ನೆಟ್ಟ ಗಿಡದ ತಲೆನ ದನ ತಿಂದಿತ್ತು. ನಾ ಕೊಟ್ಟಿಗೆ ಬಾಗ್ಲು ಹಾಕದೆ ಮರ್ತಿದ್ದೆ,” ಎಂದಳು ಬೆಳ್ಳಮ್ಮ. “ಹೊಸ ಸೊಸೆ, ಹೆದ್ರಿಕೆ. ನೀವು ಕಟ್ಟೋದು ನೋಡಿದ್ನಲ್ಲ, ತವರಿಂದ ಕಡ್ಡಿ ತಂದು ಕಟ್ಟಿಬಿಟ್ಟೆ. ಗಂಟು ಕಾಣ್ಬಾರ್ದು ಅಂತ ಬಳ್ಳಿ ಹಬ್ಬಿಸ್ದೆ.”

ಊರ ಗಿಡಗಳಿಗೆಲ್ಲ ಕಸಿ ಕಟ್ಟುವವನಿಗೆ ಮನೆಯ ಗಿಡ ನೋಡಲು ಪುರುಸೊತ್ತೆಲ್ಲಿತ್ತು? ಅಮ್ಮನಿಗಾದರೂ ಗೊತ್ತಿತ್ತೇ ಎಂದು ಕೇಳಿದ.

“ಮೊದ್ಲ ವರ್ಷದ ಮಿಡಿ ಬಾಯಿಗೆ ಹಾಕ್ಕೊಂಡೇ ಅತ್ತೆ ಹೇಳಿದ್ರು, ನಿನ್ನ ತವರು ರುಚಿಯಾಗಿದೆ ಕಣೆ, ಅವನಿಗೆ ಹೇಳ್ಬೇಡ ಅಂತ.”

ಅಮಿತಾ ಆಗಲೇ ಜಗಲಿಗೆ ಮರಳಿ ಹೋಳುಗಳನ್ನು ಜೋಡಿಸುತ್ತಿದ್ದಳು. ಒಂದು ಮರವೆಂದು ಬರೆದದ್ದೇ ತಪ್ಪು. ಬುಡಕ್ಕೊಂದು ಹೆಸರು, ತುದಿಗೊಂದು ಹೆಸರು ಕೊಟ್ಟರೆ ಎರಡು ವಂಶವೃಕ್ಷಗಳೂ ಒಂದರಲ್ಲೇ ಹೊಂದುತ್ತವೆ. ಯಾರನ್ನೂ ಬಿಡಬೇಕಾಗಿಲ್ಲ ಎಂದು ನಕ್ಕಳು. ಬುಡಕ್ಕೆ ಕೆರಿಯಮ್ಮ ಎಂದು ಬರೆದು, ತುದಿಗೇನು ಬರೆಯಲಿ ಎಂದು ಕೇಳಿದಳು. ಹೂವಪ್ಪ ಹೆಂಡತಿಯ ಹೆಸರು ಹೇಳಿದ. ಷಡ್ಡಕನ ಹೆಸರು ಮರೆಯುವವನು ಈ ಹೆಸರನ್ನು ಬರೆಸಿ, ಸರಿಯಾಗಿದೆಯೇ ಎಂದು ಎರಡು ಸಲ ಓದಿಸಿಕೊಂಡ.

ಆ ವರ್ಷದ ಮೊದಲ ಭರಣಿಯನ್ನು ಅವನೇ ಸ್ಕೂಟರಿನಲ್ಲಿ ಮೇಗರವಳ್ಳಿಗೆ ಒಯ್ದ. ಬೆಳ್ಳಮ್ಮನ ಅಣ್ಣ, ಭಾವ ಶೇಷಪ್ಪ ಊಟಕ್ಕೆ ಕೂತು ಒಂದು ಮಿಡಿ ಕಚ್ಚಿ, ಇನ್ನೊಂದಕ್ಕೆ ಕೈಹಾಕಿದ. ವರ್ಷಾನುಗಟ್ಟಲೆ ಹಂಗಿಸಿಕೊಂಡು ಅಭ್ಯಾಸವಾದ ಮನುಷ್ಯ, ಸೋಲನ್ನು ಮೊದಲೇ ಒಪ್ಪಿಕೊಂಡ.

“ಎಂತ ಹೇಳಿ ಭಾವ, ನಿಮ್ಮ ಮನೆ ಮಿಡಿ ಮುಂದೆ ನಮ್ಮದು ಯಾತಕ್ಕೂ ಬೇಡ.”

ಹೂವಪ್ಪ ಭರಣಿಯನ್ನು ಭಾವನ ಕಡೆಗೆ ಸರಿಸಿದ. ಆಮೇಲೆ ತಲೆ ಎತ್ತದೆ ಹೇಳಿದ: “ಇದು ನಿಮ್ಮ ಮನೇದೇ ಭಾವ. ನಮ್ಮಲ್ಲಿ ಬೆಳೀತು, ಅಷ್ಟೇ.”