ಎಷ್ಟು ರೊಟ್ಟಿ ಎಂದು ಕೇಳಿದ ತಪ್ಪಿಗೆ

ಸವಣೂರಿನ ಮೊದಲ ಬೆಳಿಗ್ಗೆ, ಪಕ್ಕದ ಮನೆಯಲ್ಲಿ ಯಾರೋ ಯಾರಿಗೋ ಬಾರಿಸುತ್ತಿದ್ದಾರೆಂದು ಗಾಬರಿಯಾಗಿ ಎದ್ದು ಕುಳಿತೆ. ಪಟಪಟನೆ ಏಟು, ತುಸು ಬಿಡುವು, ಮತ್ತೆ ಏಟು. ಅಳುವ ಸದ್ದು ಮಾತ್ರ ಇಲ್ಲ. ಕಿಟಕಿ ತೆಗೆದರೆ ಎದುರು ಮನೆಯಲ್ಲೂ ಅದೇ, ಹಿಂದಿನ ಮನೆಯಲ್ಲೂ ಅದೇ. ಊರಿಗೆ ಊರೇ ಜೋಳದ ರೊಟ್ಟಿ ಬಡಿಯುತ್ತಿತ್ತು. ಮುದ್ದೆ ತಿರುವುವ ನಮ್ಮ ಮದ್ದೂರಿನ ಕಡೆಯಿಂದ ಬಂದವಳಿಗೆ ಅಡುಗೆಮನೆಗೂ ಇಷ್ಟು ಗಲಾಟೆ ಇರುತ್ತದೆಂದು ಗೊತ್ತಿರಲಿಲ್ಲ.

ನಲವತ್ತೆಂಟನೇ ವಯಸ್ಸಿನಲ್ಲಿ ಊರು ಬಿಡುವುದು ಯಾವ ಸೀಮೆಯ ಬುದ್ಧಿವಂತಿಕೆ ಎಂದು ಊರಿನ ನೀವೆಲ್ಲ ಕೇಳಿದ್ದಿರಿ. ಬುದ್ಧಿವಂತಿಕೆ ಏನೂ ಇಲ್ಲ, ಕೆಲಸ ಕೊಟ್ಟವರು ಕಳಿಸಿದರು, ಬಂದೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಪಟ್ಟಣಗಳಲ್ಲಿ ನಮ್ಮ ಸಂಸ್ಥೆಯು ಮಹಿಳಾ ಸಂಘಗಳ ಮೂಲಕ ಸಮುದಾಯ ಅಡುಗೆಮನೆ ನಡೆಸುತ್ತದೆ. ಕೂಲಿ ಮಾಡುವವರಿಗೆ ಅಗ್ಗದಲ್ಲಿ ರೊಟ್ಟಿ, ಕಾಳು, ಸೊಪ್ಪು. ಸುತ್ತ ಇಷ್ಟೊಂದು ಹೊಲ ಇರುವಾಗ ಇದೇಕೆ ಬೇಕು ಎಂದು ನನಗೂ ಅನ್ನಿಸಿತ್ತು. ಆದರೆ ಹೊಲದಲ್ಲಿ ಬೆಳೆದದ್ದು ಲಾರಿ ಹತ್ತಿ ಹೋಗುತ್ತದೆ. ಲಾರಿ ತುಂಬಿದವನ ಹೊಟ್ಟೆಗೆ ಮಿರ್ಚಿ, ಚುರುಮುರಿ ಮತ್ತು ಚಹಾ. ಮಿರ್ಚಿ ಎಂದರೆ ಮೆಣಸಿನಕಾಯಿ ಬಜ್ಜಿ, ಚುರುಮುರಿ ಎಂದರೆ ನಮ್ಮ ಪುರಿ.

ಮನೆ ಸಿಗುವುದು ಕಷ್ಟವಾಯಿತು. ಒಂಟಿ ಹೆಂಗಸು ಎಂದರೆ ಇಲ್ಲೂ ಅಲ್ಲಿಯ ಹಾಗೆಯೇ ನಾಲ್ಕು ಪ್ರಶ್ನೆ ಹೆಚ್ಚು. ಕೊನೆಗೆ ನಮ್ಮ ಸವಣೂರಿನ ಅಡುಗೆಮನೆಯ ಮುಖ್ಯ ಅಡುಗೆಯವರಾದ ಖೈರುನ್‌ಬಿ ತಮ್ಮ ಮನೆಯ ಮಾಳಿಗೆಯ ಕೋಣೆ ಕೊಟ್ಟರು. "ಒಬ್ಬಾಕಿ ಅದೀರಿ, ಒಲಿ ಯಾಕ ಹಚ್ತೀರಿ ಅಕ್ಕಾರ, ಇಲ್ಲೇ ಉಣ್ರಿ" ಎಂದರು. ನನಗಿಂತ ದೊಡ್ಡವರಾದರೂ ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಇಲ್ಲಿ ಶಾಲೆಯ ಟೀಚರಮ್ಮನನ್ನು ಹಾಗೆ ಕರೆಯುತ್ತಾರೆ. ನಾನು ಬೇಡವೆಂದು, ನನ್ನ ಸ್ಟೌ ಮೇಲೆ ಒಂದು ಹಿಡಿ ಅಕ್ಕಿ ಬೇಯಿಸಿಕೊಂಡು ತಿನ್ನುತ್ತಿದ್ದೆ. ನಾಲ್ಕು ಊರು ಬಸ್ಸಿನಲ್ಲಿ ಸುತ್ತಿ ಬಂದ ಮೇಲೆ ಮಂಡಿ ನೋವು. ಮಾತನಾಡಲು ಯಾರೂ ಇಲ್ಲ. ಭಾಷೆ ಕನ್ನಡವೇ, ಆದರೂ ಪ್ರತಿ ಮಾತಿಗೂ ಅರೆಕ್ಷಣ ತಡವಾಗಿ ನಗುತ್ತಿದ್ದೆ.

ಅಡುಗೆಮನೆಯಲ್ಲಿ ಬಡಿಸುವುದು ನನ್ನ ಕೆಲಸವಲ್ಲದಿದ್ದರೂ, ಸವಣೂರಿನಲ್ಲಿ ಮೊದಲಿಗೆ ನಾನೇ ನಿಂತೆ. ಊಟಕ್ಕೆ ಒಂದೇ ದರ, ರೊಟ್ಟಿ ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು. "ಬೇಕಾದಷ್ಟು ಕೇಳಿ ಹಾಕಿಸಿಕೊಳ್ಳಿ" ಎಂದು ನಾನೇ ಬೋರ್ಡು ಬರೆಸಿದ್ದೆ. ಪ್ರತಿಯೊಬ್ಬರ ಮುಂದೆ ನಿಂತು ಎಷ್ಟು ರೊಟ್ಟಿ ಹಾಕಲಿ ಎಂದು ಕೇಳುತ್ತಿದ್ದೆ. ನಮ್ಮಲ್ಲಿ ಅದು ಮರ್ಯಾದೆ. ಒಂದು ಮುದ್ದೆ ಎಂದವನಿಗೆ ಒಂದು, ಒಂದೂವರೆ ಎಂದವನಿಗೆ ಒಂದೂವರೆ, ಯಾರ ತಟ್ಟೆಯಲ್ಲೂ ಅನ್ನ ಹಾಳಾಗಬಾರದು.

ಬಸಪ್ಪಣ್ಣ ಎಂಬ ಹಮಾಲ ಬರುತ್ತಿದ್ದರು. ಮಾರುಕಟ್ಟೆಯಲ್ಲಿ ಗೋವಿನಜೋಳದ, ಅಂದರೆ ನಮ್ಮ ಮುಸುಕಿನ ಜೋಳದ, ಚೀಲ ಹೊರುವವರು. ಸಕ್ಕರೆ ಕಾಯಿಲೆ ಇತ್ತು, ಎಡಗಾಲಿನಲ್ಲಿ ಒಣಗದ ಗಾಯವಿತ್ತು. ಕರಿದದ್ದು ಬಿಟ್ಟು ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದರೆ ಕಾಲು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಇಂಥವರಿಗಾಗಿಯೇ ಅಲ್ಲವೇ ನಾವು ಒಲೆ ಹಚ್ಚಿದ್ದು ಎಂದು ನನಗೆ ಸಮಾಧಾನ. ಎಷ್ಟು ಹಾಕಲಿ ಎಂದರೆ "ಎರಡ ಸಾಕ್ರಿ" ಎನ್ನುತ್ತಿದ್ದರು. ಎರಡು ಹಾಕಿ ಮುಂದೆ ಹೋಗುತ್ತಿದ್ದೆ. ಒಂದು ವಾರ ಬಂದವರು ಆಮೇಲೆ ಬರಲಿಲ್ಲ. ಚಹಾದಂಗಡಿಯಲ್ಲಿ ಮಿರ್ಚಿ ಹಿಡಿದು ನಿಂತಿದ್ದವರನ್ನು ಕಂಡು, ಯಾಕೆ ಬರುತ್ತಿಲ್ಲ ಎಂದು ಕೇಳಿದೆ. "ಹಸಿವಿ ಇರೂದಿಲ್ರಿ ಅಕ್ಕಾರ" ಎಂದು ಬೇರೆ ಕಡೆ ನೋಡಿದರು. ಚೀಲ ಹೊರುವವನಿಗೆ ಹಸಿವಿಲ್ಲ ಎಂದರೆ ನಂಬಿಬಿಟ್ಟೆನಲ್ಲ, ಅದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಅವರೊಬ್ಬರೇ ಅಲ್ಲ, ಪಂಕ್ತಿ ದಿನದಿನಕ್ಕೂ ತೆಳ್ಳಗಾಯಿತು. ಹೀಗೇ ಆದರೆ ಸವಣೂರಿನ ಒಲೆ ಆರಿಸಿ ಎಂದು ಮೇಲಿನವರು ಹೇಳಿಕಳಿಸಿದರು. ರುಚಿ ಸರಿಯಿಲ್ಲವೇನೋ ಎಂದು ಖೈರುನ್‌ಬಿಯ ಪುಂಡಿಸೊಪ್ಪಿನ ಪಲ್ಯದ ಹುಳಿಯನ್ನೇ ಅನುಮಾನಿಸಿದೆ. 

ಒಂದು ಮಧ್ಯಾಹ್ನ ಜ್ವರ ಬಂದು ಮಲಗಿದ್ದವಳನ್ನು ಖೈರುನ್‌ಬಿ ಎಬ್ಬಿಸಿ ಕೆಳಗೆ ಊಟಕ್ಕೆ ಕೂರಿಸಿದರು. ಸಾಕು ಎಂದೆ, ಒಂದು ರೊಟ್ಟಿ ಹಾಕಿದರು. ಬೇಡವೇ ಬೇಡ ಎಂದು ಕೈ ಅಡ್ಡ ಹಿಡಿದೆ, ಕೈ ಸರಿಸಿ ಇನ್ನೊಂದು ಹಾಕಿದರು.

"ಸಾಕು ಅಂದ್ರೂ ಯಾಕ್ರೀ ಹಾಕ್ತೀರಾ?" ಎಂದು ರೇಗಿದೆ.

"ಸಾಕು ಅಂದ ಮ್ಯಾಲೆ ಹಾಕೂದ ಊಟ ಅಕ್ಕಾರ" ಎಂದರು ಅವರು. ರೊಟ್ಟಿಯ ಮೇಲೆ ಪಲ್ಯ ಹಾಕುತ್ತ, "ನೀವ್ ಆಫೀಸಿನವ್ರು, ಹೆಂಗ ಹೇಳ್ಲಿ ಅಂತ ಸುಮ್ನಿದ್ದೆ. ಉಣ್ಣಾಕ ಕುಂತ ಮನಿಷ್ಯಾಗ ಎಷ್ಟ ಹಾಕ್ಲಿ ಅಂತ ಕೇಳ್ತೀರಿ. ಅಂವಾ ಮಂದಿ ಮುಂದ ಐದ ಹಾಕ್ರಿ ಅಂತಾನೇನು? ಎಣಿಸಿ ಹಾಕೂ ಮನ್ಯಾಗ ಯಾರ್ ಉಣ್ತಾರ್ರಿ?" ಎಂದರು.

"ಬೋರ್ಡು ಹಾಕಿದ್ದೀನಲ್ಲ, ಕೇಳಿ ಅಂತ?"

"ಅದನ್ನ ಮೊದ್ಲ ತಗೀರಿ. ಕೇಳಿ ಉಣ್ಣೂದು ಬ್ಯಾರೆ, ಊಟ ಬ್ಯಾರೆ."

ಮರುದಿನ ಬೋರ್ಡು ಕಿತ್ತೆವು. ರೊಟ್ಟಿ ಬುಟ್ಟಿಯನ್ನು ಖೈರುನ್‌ಬಿ ಕಂಕುಳಲ್ಲಿ ಇಟ್ಟುಕೊಂಡು ಸಾಲಿನ ನಡುವೆ ಓಡಾಡಿದರು. ಯಾರನ್ನೂ ಕೇಳಲಿಲ್ಲ, ಒಲ್ಲೆ ಎಂದವರ ತಟ್ಟೆಗೂ ಹಾಕುತ್ತ ಹೋದರು. ಎರಡು ತಿಂಗಳಲ್ಲಿ ಪಂಕ್ತಿ ತುಂಬಿತು. ಒಲೆ ಆರಿಸಿ ಎಂದವರು ಫೋನು ಮಾಡಿ ಅಭಿನಂದಿಸಿದರು. ನನಗೆ ಖುಷಿಪಡಲು ಆಗಲಿಲ್ಲ, ಏಕೆಂದರೆ ಬಸಪ್ಪಣ್ಣ ಬಂದಿರಲಿಲ್ಲ. ಹಾವೇರಿಯ ಆಸ್ಪತ್ರೆಯಲ್ಲಿ ಅವರ ಕಾಲಿನ ಎರಡು ಬೆರಳು ತೆಗೆದಿದ್ದರು.

ಕೋಲು ಹಿಡಿದು ಅವರು ಮತ್ತೆ ಬಂದ ದಿನ ಬುಟ್ಟಿ ನನ್ನ ಕೈಯಲ್ಲಿತ್ತು. ಎರಡಾದ ಮೇಲೆ "ಸಾಕ್ರಿ" ಎಂದರು. ಡಾಕ್ಟರು ಎಷ್ಟು ತಿನ್ನಲು ಹೇಳಿದ್ದಾರೆ ಎಂದು ಬಾಯಿಗೆ ಬಂದದ್ದನ್ನು ಆಡಿಯೇಬಿಟ್ಟೆ.

"ಡಾಕ್ಟ್ರು ಎಣಿಸ್ಲಿ, ಅವ್ರ ಕೆಲಸ ಅದು" ಎಂದರು ಬಸಪ್ಪಣ್ಣ, ತಟ್ಟೆಯಿಂದ ತಲೆ ಎತ್ತದೆ. "ನೀವ್ ಎಣಸಬ್ಯಾಡ್ರಿ."

ಮೂರನೆಯದನ್ನು ಹಾಕಿ ಮೇಲೆ ಎರಡು ಸೌಟು ಸೊಪ್ಪಿನ ಪಲ್ಯ ಸುರಿದೆ. ಗಾಯ ಹಳೆಯದು, ನೀವು ಹೊಟ್ಟೆ ತುಂಬ ಊಟ ಹಾಕಿದ್ದರೂ ಬೆರಳು ಉಳಿಯುತ್ತಿರಲಿಲ್ಲ ಎಂದು ಬಲ್ಲವರು ಹೇಳಿದರು. ಇರಬಹುದು. ಆದರೂ ಹಸಿದು ಬಂದ ಮನುಷ್ಯನನ್ನು ಒಂದು ವಾರ ಅರೆಹೊಟ್ಟೆಯಲ್ಲಿ ಎಬ್ಬಿಸಿ ಕಳಿಸಿದವಳು ನಾನು. ಆ ಸಂಕಟ ನನಗೆ ಹೋಗಿಲ್ಲ.

ಈಗ ಎರಡನೇ ವರ್ಷ. ರೊಟ್ಟಿ ಬಡಿಯಲು ಕಲಿತಿದ್ದೇನೆ, ಅಂಚು ಇನ್ನೂ ಹರಿಯುತ್ತದೆ. ಹೊಸಬರು ಬಂದರೆ ಖೈರುನ್‌ಬಿ "ಇವ್ರು ಮಂಡ್ಯದ ಕಡಿಯಾವ್ರು" ಎಂದೇ ಪರಿಚಯಿಸುತ್ತಾರೆ. ಹಬ್ಬ ಬಂದರೆ ನನಗೆಂದು ಬೇರೆಯಾಗಿ ಅನ್ನ ಮಾಡಿಸುತ್ತಾರೆ. ಅದು ಪ್ರೀತಿಯೇ, ಆದರೆ ಪ್ರತ್ಯೇಕ ಪಾತ್ರೆಯ ಪ್ರೀತಿ.

ಹೋದ ತಿಂಗಳು ಎರಡು ದಿನಕ್ಕೆ ಮದ್ದೂರಿಗೆ ಬಂದಿದ್ದೆ. ಅತ್ತಿಗೆ ನನಗಿಷ್ಟವೆಂದು ಅವರೆಕಾಳಿನ ಸಾರು ಮಾಡಿದ್ದರು. ಒಂದು ಮುದ್ದೆ ಮುಗಿಯಿತು. "ಇನ್ನರ್ಧ ಹಾಕ್ಲಾ?" ಎಂದು ಕೇಳಿದರು. "ಸಾಕು" ಎಂದೆ. ಅತ್ತಿಗೆ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ ಒಳಗೆ ತೆಗೆದುಕೊಂಡು ಹೋದರು. ಅವರದೇನೂ ತಪ್ಪಿಲ್ಲ, ನಲವತ್ತೆಂಟು ವರ್ಷ ನಾನು ಆ ಮನೆಯಲ್ಲಿ ಹಾಗೆಯೇ ಉಂಡವಳು. ಅಣ್ಣ ಕೈ ತೊಳೆದು ಬಂದು, "ಯಾಕಮ್ಮ, ಇನ್ನೂ ಕೂತೇ ಇದ್ದೀಯಾ?" ಎಂದ. ಊಟ ಆಯಿತು ಎಂದು ಎದ್ದೆ. ಹೊಟ್ಟೆ ತುಂಬಿರಲಿಲ್ಲ.