ಇಲಿಯಾಸ್ ಅಂಕಲ್ ಕಂಡ ಸಿಂಹ

ಎಡಕ್ಕೋ ಬಲಕ್ಕೋ, ಅದೇ ಈಗ ಖಚಿತವಿಲ್ಲ. ಬಲಕ್ಕೆ ಎಂದು ಒಮ್ಮೆ ಬರೆದು ಹೊಡೆದುಹಾಕಿದ್ದೇನೆ. ಇಲಿಯಾಸ್ ಅಂಕಲ್ ಯಾವುದನ್ನಾದರೂ ಗಮನವಿಟ್ಟು ನೋಡಬೇಕಾದರೆ ಮುಖವನ್ನು ಅದರಿಂದ ಆಚೆಗೆ ತಿರುಗಿಸುತ್ತಿದ್ದರು, ಕಾಳು ಕಂಡ ಕೋಳಿಯ ಹಾಗೆ. ಜಿರಾಫೆ ಎದುರಿಗೆ ನಿಂತಿದ್ದರೆ ಅಂಕಲ್ ಮೂಗು ಪಾರ್ಕಿಂಗ್ ಲಾಟಿನ ಕಡೆಗಿರುತ್ತಿತ್ತು. ನಾನು ಬಲ್ಲ ಅಷ್ಟೂ ವರ್ಷ ಅವರು ಹೀಗೇ ನೋಡುತ್ತಿದ್ದರು ಎಂದು ನನ್ನ ನೆನಪು ಹೇಳುತ್ತದೆ. ಅದು ಸುಳ್ಳು. ಅವರ ಕಣ್ಣಿನ ನಡುಭಾಗ ಮಸುಕಾದದ್ದು ಕೊನೆಯ ಎರಡು ವರ್ಷಗಳಲ್ಲಿ. ಅದಕ್ಕೆ ಮೊದಲು ಎಲ್ಲರಂತೆ ನೇರವಾಗಿಯೇ ನೋಡುತ್ತಿದ್ದಿರಬೇಕು. ಆ ನೇರ ಮುಖವನ್ನು ಎಷ್ಟು ಕರೆದರೂ ಅದು ಬರುವುದಿಲ್ಲ.

ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ಪೊವೇ ಎಂಬ ಊರಿನ ಒಂದು ಸಣ್ಣ ಕಂಪನಿಯ ಲ್ಯಾಬಿನಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅವರು ಅಲ್ಲಿ ಹಿರಿಯ ಟೆಕ್ನಿಶಿಯನ್. ಮೀಟರುಗಳು ಸರಿಯಾದ ಅಳತೆ ತೋರಿಸುತ್ತಿವೆಯೇ ಎಂದು ಪರೀಕ್ಷಿಸುವುದು ನಮ್ಮ ಕೆಲಸ. ಮೊದಲ ವಾರವೇ ನಾನು ನಾಲ್ಕು ಪಾಯಿಂಟ್ ಒಂಬತ್ತು ಏಳನ್ನು ಐದು ಎಂದು ಬರೆದಿದ್ದೆ. ಅಂಕಲ್ ಹಾಳೆಯನ್ನು ಎರಡು ಬೆರಳಲ್ಲಿ, ಸತ್ತ ಜಿರಳೆ ಎತ್ತುವಂತೆ, ಎತ್ತಿ ಹಿಡಿದರು.

"ಈ ಐದನ್ನ ಕಂಡ್ಯಾ, ಅಂದ್ಕೊಂಡ್ಯಾ?"

"ಹತ್ತಿರ ಇತ್ತು ಅಂಕಲ್."

"ಹತ್ತಿರ ಇರೋದು ಪೆನಾಸ್ಕಿಟೋಸಿನ ನಮ್ಮನೆ. ಊಟಕ್ಕೆ ಬಾ. ಇಲ್ಲಿ ಮಾತ್ರ ಕಂಡಿದ್ದು ಬರಿ."

ಊಟಕ್ಕೆ ಹೋದೆ. ಅವರ ಹೆಂಡತಿ ಫರೀದಾ ಆಂಟಿ ಮಾಡಿದ ಪಲಾವು ತಿಂದೆ. ಆಮೇಲೆ ಆ ಮನೆ ಬಿಡಲೇ ಇಲ್ಲ. ಮುಂದೆ ಕೆಲಸ ಬದಲಾಗಿ ಲಾಸ್ ಏಂಜಲೀಸಿನ ಉತ್ತರದ ತುದಿ ಪೋರ್ಟರ್ ರ್ಯಾಂಚಿಗೆ ಮನೆ ಬದಲಿಸಿದ ಮೇಲೂ ತಿಂಗಳಿಗೊಮ್ಮೆ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದೆ.

ಅಂಕಲ್‌ಗೆ ಇದ್ದದ್ದು ಒಂದೇ ಹುಚ್ಚು. ಊರಿನ ಹೊರಗೆ ಬೋಳು ಗುಡ್ಡಗಳ ನಡುವೆ ಆಫ್ರಿಕಾದ ಪ್ರಾಣಿಗಳನ್ನು ಬಯಲಿಗೆ ಬಿಟ್ಟಿರುವ ಸಫಾರಿ ಪಾರ್ಕು. ಅದರ ವಾರ್ಷಿಕ ಪಾಸು ಸದಾ ಅವರ ಜೇಬಿನಲ್ಲಿ. ಮೈಸೂರು, ಬೆಂಗಳೂರಿನಿಂದ ಯಾರ ಮನೆಗೆ ಯಾರೇ ಬಂದರೂ ಅಂಕಲ್ ಅವರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಹೊರಬರುವ ಬಾಗಿಲಲ್ಲಿ ಅಡ್ಡ ನಿಂತು ವಿಚಾರಣೆ ಮಾಡುತ್ತಿದ್ದರು: ಏನೇನು ಕಂಡಿರಿ? ಬೋರ್ಡಿನಲ್ಲಿ ಓದಿದ್ದು ಲೆಕ್ಕಕ್ಕಿಲ್ಲ. ಪಕ್ಕದವರು "ಅಗೋ" ಎಂದದ್ದೂ ಲೆಕ್ಕಕ್ಕಿಲ್ಲ.

ಅವರ ಮೈಸೂರಿನ ಮನೆ ಮೃಗಾಲಯದ ಗೋಡೆಗೆ ಎರಡೇ ಬೀದಿ ಆಚೆ ಇತ್ತಂತೆ. ಬೆಳಗಿನ ನಮಾಜಿಗೆ ತಂದೆ ಎಬ್ಬಿಸುವ ಮೊದಲೇ ಸಿಂಹದ ಗರ್ಜನೆ ಎಬ್ಬಿಸುತ್ತಿತ್ತಂತೆ. "ಕೇಳಿದ್ದೇ ಕೇಳಿದ್ದು ಕಣಮ್ಮ. ಹೋಗಿ ನೋಡಿದ್ರೆ ಮಲಗಿರೋದು. ಮೈಸೂರಲ್ಲೂ ಮಲಗಿತ್ತು, ಇಲ್ಲೂ ಮಲಗಿದೆ. ಅರವತ್ತನಾಲ್ಕು ವರ್ಷದಲ್ಲಿ ಎದ್ದು ನಿಂತ ಸಿಂಹ ಒಂದೂ ಕಂಡಿಲ್ಲ. ಇದೇನು ಹುಟ್ಟುವಾಗಲೇ ರಿಟೈರ್ ಆಗಿರೋ ಪ್ರಾಣಿನಾ?"

ಎರಡು ಸಾವಿರದ ಇಪ್ಪತ್ತೆರಡರ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ನನ್ನ ಅಮ್ಮನನ್ನೂ, ಒಂಬತ್ತು ವರ್ಷದ ಮಗಳು ಅನಿಕಾಳನ್ನೂ ಕರೆದುಕೊಂಡು ಹೋಗಿದ್ದೆವು. ಸೆಕೆ. ಅಮ್ಮನ ಚಪ್ಪಲಿ ಕಚ್ಚಿತ್ತು. ಬಾಗಿಲಲ್ಲಿ ಅಂಕಲ್ ವಿಚಾರಣೆ ಶುರು ಮಾಡಿದರು.

"ಕಾಣೋದೇನು ಮಣ್ಣು!" ಎಂದರು ಅಮ್ಮ. "ನಮ್ಮ ಬನ್ನೇರುಘಟ್ಟದಲ್ಲಿ ಹುಲಿ ಬಸ್ಸಿನ ಪಕ್ಕಕ್ಕೇ ಬರುತ್ತೆ. ಇಲ್ಲಿ ಗುಡ್ಡ, ಗುಡ್ಡದ ಮೇಲೊಂದು ಕಂದು ಚುಕ್ಕಿ. ಅದು ಘೇಂಡಾಮೃಗ ಅಂತ ನಂಬಬೇಕು. ಏನೋ, ಚಿರತೆಯೊಂದು ಓಡ್ತು, ಅದೇ ಪುಣ್ಯ."

"ಅದು ಚಿರತೆ ಅಲ್ಲಮ್ಮ, ಚೀತಾ," ಎಂದು ಅಂಕಲ್ ತಿದ್ದಿದರು.

"ಎರಡೂ ಒಂದೇ ಅಲ್ವಾ? ನಿಮ್ಮ ಮಾತಲ್ಲಿ ಚೀತಾ, ನಮ್ಮ ಮಾತಲ್ಲಿ ಚಿರತೆ."

"ನಮ್ಮಮ್ಮನೂ ಸಾಯೋವರೆಗೆ ಹೀಗೇ ಅಂತಿದ್ರು," ಎಂದರು ಅಂಕಲ್. "ಎರಡು ಮಾತಿನವರೂ ಸೇರಿ ಒಂದು ಪ್ರಾಣೀನ ಮಾಯ ಮಾಡಿಬಿಟ್ವಿ ನೋಡಿ."

ಅನಿಕಾ ಮಾತ್ರ ಕುಣಿಯುತ್ತಿದ್ದಳು. ಜಿರಾಫೆಯ ಕಪ್ಪು ನಾಲಗೆ ಅವಳ ಅಂಗೈಯನ್ನು ನೆಕ್ಕಿತ್ತು. "ಬೆಸ್ಟ್ ಡೇ ಎವರ್, ಅಜ್ಜಿ!" ಅಂಕಲ್ ತಲೆದೂಗಿದರು. "ಒಂದೇ ಮೀಟರು, ಎರಡು ರೀಡಿಂಗು. ಎರಡೂ ಸರಿ."

ಆದರೆ ಅದಕ್ಕೂ ಮೊದಲು ಇನ್ನೊಂದು ನಡೆದಿತ್ತು. ನಗುವಿನ ಭಾಗವನ್ನು ಮುಂದೆ ತಂದು ಇದನ್ನು ಹಿಂದಕ್ಕೆ ತಳ್ಳಿದವಳು ನಾನು. ಸಿಂಹದ ಬೇಲಿಯ ಬಳಿ ಅಂಕಲ್ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದು, "ಎದ್ದಿದೆ! ನೋಡು, ಎದ್ದು ನಿಂತಿದೆ!" ಎಂದು ಕೂಗಿದ್ದರು. ಅನಿಕಾ ಮೆಲ್ಲಗೆ, "ಅಂಕಲ್, ದಟ್ಸ್ ಅ ರಾಕ್," ಎಂದಳು. ನಾವೆಲ್ಲ ನಕ್ಕೆವು. ಅವರೂ ನಕ್ಕರು, ಸ್ವಲ್ಪ ತಡವಾಗಿ. ಅಲ್ಲಿದ್ದದ್ದು ಬಂಡೆಯೇ. ಸಿಂಹದ ಬಣ್ಣದ್ದೂ ಅಲ್ಲ.

ಸಂಜೆ ಫರೀದಾ ಆಂಟಿ ಅಡುಗೆಮನೆಗೆ ಕರೆದು ದನಿ ತಗ್ಗಿಸಿದರು. "ನಿಮ್ಮ ಅಂಕಲ್‌ಗೆ ಕಣ್ಣಿನ ನಡುವಲ್ಲಿ ಹೊಗೆ ಕೂತಿದೆ ಬೇಟಾ. ಸುತ್ತ ಕಾಣುತ್ತೆ, ಎದುರಿಗಿರೋದು ಕಾಣಲ್ಲ. ಕಣ್ಣೊಳಗೇ ಇಂಜೆಕ್ಷನ್ ಚುಚ್ತಾರೆ. ಐದಾಯ್ತು. ಹೇಳಿದ್ರೆ ಲೈಸೆನ್ಸ್ ಹೋಗುತ್ತೆ ಅಂತ ಯಾರಿಗೂ ಹೇಳಿಲ್ಲ."

ನನಗೆ ಮೊದಲು ಹೊಳೆದದ್ದು, ಆ ಬೆಳಿಗ್ಗೆ ಕಾರು ಓಡಿಸಿದ್ದು ಅವರೇ ಎಂಬುದು. ಕನಿಕರ ಆಮೇಲೆ ಬಂತು.

ಇಂಜೆಕ್ಷನ್ನುಗಳು ಹಿಡಿಯಲಿಲ್ಲ. ಮರುವರ್ಷ ಲೈಸೆನ್ಸ್ ಹೋಯಿತು. ಕಂಪನಿಯವರು ಕೇಕ್ ಕತ್ತರಿಸಿ ಅವರನ್ನು ಮನೆಗೆ ಕಳಿಸಿದರು. ಆ ಚಳಿಗಾಲದಲ್ಲಿ ಅಂಕಲ್ ಫೋನ್ ಮಾಡಿದರು. ಸುತ್ತಿಬಳಸಿ ಮಾತಾಡುವವರಲ್ಲ.

"ಅಂಚಿನಲ್ಲಿ ಇನ್ನೂ ಸ್ವಲ್ಪ ಉಳಿದಿದೆ ಕಣಮ್ಮ. ಅದೂ ಹೋಗ್ತಿದೆ ಅಂತಾನೆ ಡಾಕ್ಟರ್. ಒಂದ್ಸಲ ಕರ್ಕೊಂಡು ಹೋಗ್ತೀಯಾ? ಎದ್ದು ನಿಂತಿದ್ದು ಒಂದು ಕಾಣಬೇಕು. ಕಂಡ್ರೆ ಆಯ್ತು, ಆಮೇಲೆ ಕೇಳಲ್ಲ."

"ಮಲಗಿದ್ರೆ ಏನ್ಮಾಡೋಣ ಅಂಕಲ್?"

"ಮಲಗಿದೆ ಅಂತ ಬರ್ಕೊಳ್ಳೋಣ."

ವಾರದ ನಡುವೆ ರಜೆ ಹಾಕಿ ಹೋದೆ. ಮೋಡವಿತ್ತು, ಜನ ಕಡಿಮೆ. ನಡೆಯಲು ಕಷ್ಟವೆಂದು ತೆರೆದ ಗಾಡಿ ಹತ್ತಿದೆವು. ಕೊನೆಯ ಸೀಟು, ಎಂಜಿನ್ನಿನ ಗುರ್ ಸದ್ದೆಲ್ಲ ನಮ್ಮ ಪಾಲಿಗೆ. ಮುಂದೆ ಕೂತ ಗೈಡ್ ಹುಡುಗಿಯ ಮಾತು ಸ್ಪೀಕರಿನಿಂದ ಚೂರುಚೂರಾಗಿ ಬರುತ್ತಿತ್ತು. ಅಂಕಲ್ ಕೊರಳಿಗೆ ಹಳೆಯ ಬೈನಾಕ್ಯುಲರ್ ಹಾಕಿಕೊಂಡಿದ್ದರು. ಅದರಿಂದ ಈಗ ಉಪಯೋಗವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸಿಂಹದ ಬಯಲಿನ ಎದುರು ಗಾಡಿ ನಿಂತಿತು. ಅಂಕಲ್ ಮುಖವನ್ನು ಓರೆಮಾಡಿದರು. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು.

"ಇದೆಯಾ?"

ಬಯಲು ಖಾಲಿಯಿತ್ತು. ಬಂಡೆ, ಒಣಹುಲ್ಲು, ಒಂದು ಕಾಗೆ. ಮಲಗಿದ ಸಿಂಹವೂ ಇರಲಿಲ್ಲ.

"ಇದೆ ಅಂಕಲ್. ನಿಂತಿದೆ," ಎಂದೆ.

ಏಕೆ ಹಾಗೆಂದೆ ಎಂದು ಹಲವು ಸಲ ಬರೆದುನೋಡಿದ್ದೇನೆ. ಪ್ರೀತಿಯಿಂದ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಮತ್ತೆ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬರುವುದು ಬೇಡವಾಗಿತ್ತು ಎಂದು ಬರೆದರೂ ಪೂರ್ತಿ ತಪ್ಪಾಗುವುದಿಲ್ಲ.

"ಎಲ್ಲಿ?"

"ಬಂಡೆ ಮೇಲೆ."

"ಮುಖ ಯಾವ ಕಡೆ?"

"ನಮ್ಮ ಕಡೆ."

ಅಷ್ಟರಲ್ಲಿ ಸ್ಪೀಕರ್ ಕರಕರ ಎಂದಿತು. ಸಿಂಹಗಳನ್ನು ಇವತ್ತು ಹೊರಗೆ ಬಿಟ್ಟಿಲ್ಲ, ಕ್ಷಮಿಸಿ, ಎಂದು ಗೈಡ್ ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಕೇಳಿಸಿತು. ಮುಂದಿನ ಸಾಲಿನವರೊಬ್ಬರು "ಓ, ಕಮಾನ್" ಎಂದು ಗೊಣಗಿದರು. ಎಂಜಿನ್ ಮತ್ತೆ ಶುರುವಾಯಿತು.

ಅಂಕಲ್ ಕದಲಲಿಲ್ಲ. ಗಾಡಿ ತಿರುವಿಗೆ ಬರುವವರೆಗೂ ಖಾಲಿ ಬಂಡೆಯ ಕಡೆಗೇ ಕಣ್ಣಂಚು ಹಿಡಿದಿದ್ದರು. ಆಮೇಲೆ ಬೈನಾಕ್ಯುಲರನ್ನು ಕೊರಳಿಂದ ತೆಗೆದು, ಅದರ ದಾರ ಸುತ್ತಿ, ನನ್ನ ತೊಡೆಯ ಮೇಲಿಟ್ಟರು.

"ಕಾಣಿಸ್ತು," ಎಂದರು.

ಅಂದು ಬಾಗಿಲಲ್ಲಿ ಅವರು ನನ್ನನ್ನು ಏನನ್ನೂ ಕೇಳಲಿಲ್ಲ. ಕಾರಿನಲ್ಲಿ ಏನು ಮಾತಾಡಿದೆವೋ ನನಗೆ ಉಳಿದಿಲ್ಲ. ಅದೇ ಕೊನೆಯ ಭೇಟಿ. ವಸಂತ ಮುಗಿಯುವ ಮೊದಲು ಮನೆಯ ಮೆಟ್ಟಿಲು ಕಾಣದೆ ಬಿದ್ದರು. ತಲೆಗೆ ಪೆಟ್ಟಾಗಿತ್ತು, ಉಳಿಯಲಿಲ್ಲ. ನಾನು ಪೋರ್ಟರ್ ರ್ಯಾಂಚಿನಿಂದ ಹೊರಟು ಟ್ರಾಫಿಕ್ಕಿನಲ್ಲಿ ಸಿಕ್ಕಿ ತಲುಪುವ ಹೊತ್ತಿಗೆ ದಫನ್ ಮುಗಿದಿತ್ತು.

ಫರೀದಾ ಆಂಟಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಬಂದಿದ್ದ ಹೆಂಗಸರಿಗೆಲ್ಲ ತೋರಿಸಿದರು: "ಇವಳೇ. ಕೊನೆಗೆ ಅವರಿಗೆ ಸಿಂಹ ತೋರಿಸಿದವಳು ಇವಳೇ. ಬಂಡೆ ಮೇಲೆ ನಿಂತಿತ್ತಂತೆ. ಮುಖ ನಮ್ಮ ಕಡೇನೇ ಇತ್ತು ಅಂತ ಎಷ್ಟು ಸಲ ಹೇಳಿದ್ರು!"

ನಾನು ಅಲ್ಲ ಎನ್ನಲಿಲ್ಲ. ಈಗಲೂ ಆಂಟಿ ಫೋನ್ ಮಾಡಿದಾಗ ಆ ಮಾತು ಬರುತ್ತದೆ, ನಾನು ಹೂಂ ಎನ್ನುತ್ತೇನೆ.

ಕಾಣದ್ದನ್ನು ಒಮ್ಮೆಯೂ ಬರೆಯದ ಮನುಷ್ಯ ನನ್ನ ಮಾತು ನಂಬಿ "ಕಾಣಿಸ್ತು" ಎಂದರೋ, ನನ್ನ ಮಾನ ಉಳಿಸಲು ಹಾಗೆಂದರೋ. ಕೊನೆಯ ಸೀಟಿನಲ್ಲಿ, ಆ ಎಂಜಿನ್ನಿನ ಸದ್ದಿನಲ್ಲಿ, ಸ್ಪೀಕರಿನ ಮಾತು ಅವರಿಗೆ ಕೇಳಿಸಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.